ಅಡಗುದಾಣದ ಹೊಲಿಗೆ ಹುಡುಕುತ್ತ: ಥಾಯ್ಲೆಂಡಿನಲ್ಲಿ ಎಂಟು ದಿನ

ಸಿನಿಮಾದ ಅಡಗುದಾಣಕ್ಕೆ ಬಹುಮಟ್ಟಿಗೆ ಎರಡು ವಿಳಾಸ. ಹೊರಗಿನ ಬಂಡೆ ಒಂದು ದೇಶದ್ದು, ಒಳಗಿನ ಕೋಣೆ ಇನ್ನೊಂದು ದೇಶದ್ದು. ಎರಡನ್ನೂ ಎಡಿಟಿಂಗ್ ಮೇಜಿನ ಮೇಲೆ ಸೇರಿಸಿ ಹೊಲಿದಿರುತ್ತಾರೆ. ‘ಶೋಲೆ’ಯ ಗಬ್ಬರ್ ಸಿಂಗ್ ನಮ್ಮ ರಾಮನಗರದ ಬಂಡೆಗಳ ನಡುವೆ ಬಯಲಲ್ಲೇ ದರ್ಬಾರು ನಡೆಸಿದವನು, ಅಲ್ಲಿಗೆ ಹೋದವರಿಗೆ ಈ ಹೊಲಿಗೆಯ ಪ್ರಶ್ನೆ ಏಳುವುದಿಲ್ಲ. ಥಾಯ್ಲೆಂಡಿನ ಎರಡು ಪ್ರಸಿದ್ಧ ಅಡಗುದಾಣಗಳ ಸಂಗತಿ ಬೇರೆ. ಒಂದು, 1974ರ ಬಾಂಡ್ ಚಿತ್ರ ‘ದಿ ಮ್ಯಾನ್ ವಿತ್ ದ ಗೋಲ್ಡನ್ ಗನ್’ನಲ್ಲಿ ಖಳ ಸ್ಕಾರಮಾಂಗ ಇದ್ದ ದ್ವೀಪ. ಇನ್ನೊಂದು, 2000ದಲ್ಲಿ ಬಂದ ‘ದಿ ಬೀಚ್’ನ ಗುಪ್ತ ಕಡಲತೀರ. ಎರಡೂ ಕಡೆ ಜನ ಅರ್ಧ ಗಂಟೆ ನಿಂತು, ಫೋಟೊ ತೆಗೆದು, ‘ಸಿನಿಮಾದಲ್ಲಿ ಇದ್ದ ಹಾಗಿಲ್ಲ’ ಎಂದು ಹಿಂದಿರುಗುತ್ತಾರೆ. ಇದ್ದ ಹಾಗಿಲ್ಲ, ನಿಜ. ಎಲ್ಲಿ ಇಲ್ಲ, ಏಕೆ ಇಲ್ಲ ಎಂದು ತಿಳಿದು ನಿಂತವರಿಗೆ ಅದೇ ಜಾಗ ಇಮ್ಮಡಿ ರುಚಿಸುತ್ತದೆ. ಹಾಗೆ ನೋಡುವವರಿಗಾಗಿ ಹೆಣೆದ ದಾರಿ ಇದು.

ಹೊರಡುವ ಮುನ್ನ: ತಿಂಗಳು ಮತ್ತು ತಿಥಿ

ಮೊದಲು ತಿಂಗಳು ಗೊತ್ತುಮಾಡಿಕೊಳ್ಳಿ. ಅಂಡಮಾನ್ ಸಮುದ್ರದ ಕಡೆ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ನೈಋತ್ಯ ಮುಂಗಾರು. ಅಲೆ ಜೋರು, ದೋಣಿ ರದ್ದಾಗುವುದು ಮಾಮೂಲು. ‘ದಿ ಬೀಚ್’ನ ಕಡಲತೀರವಾದ ಮಾಯಾ ಬೇ ಪ್ರತಿ ವರ್ಷ ಆಗಸ್ಟ್, ಸೆಪ್ಟೆಂಬರ್ ಎರಡು ತಿಂಗಳು ಮುಚ್ಚಿರುತ್ತದೆ. ಇತ್ತ ಅದೇ ಚಿತ್ರದಲ್ಲಿ ಬರುವ ಖಾವೊ ಯಾಯ್ ಕಾಡಿನ ಜಲಪಾತದಲ್ಲಿ ನೀರು ತುಂಬಿರುವುದು ಮಳೆಗಾಲದಲ್ಲೇ. ಫೆಬ್ರುವರಿ ಕಳೆದರೆ ಬಂಡೆಯ ಮೇಲೆ ಒಂದು ದಾರದಷ್ಟು ನೀರು. ಸಮುದ್ರ ತಣ್ಣಗಾಗಿ, ಜಲಪಾತ ಇನ್ನೂ ಬತ್ತದ ಕಾಲ ಅಂದರೆ ನವೆಂಬರ್ ನಡುವಿನಿಂದ ಡಿಸೆಂಬರ್ ನಡುವಿನವರೆಗೆ. ಬರೀ ಸಮುದ್ರ ಸಾಕೆನ್ನುವವರು ಏಪ್ರಿಲ್‌ವರೆಗೂ ಹೋಗಬಹುದು.

ಆಮೇಲೆ ತಿಥಿ. ಇದನ್ನು ಟೂರಿನವರು ಹೇಳುವುದಿಲ್ಲ. ಈ ಪ್ರವಾಸದ ಮುಖ್ಯ ಗವಿಗಳ ಬಾಗಿಲು ತೆರೆಯುವುದೂ ಮುಚ್ಚುವುದೂ ಉಬ್ಬರ ಇಳಿತದ ಕೈಯಲ್ಲಿದೆ. ಅಮಾವಾಸ್ಯೆ, ಹುಣ್ಣಿಮೆ ಕಳೆದ ಒಂದೆರಡು ದಿನ ಸಮುದ್ರ ಅತಿ ಹೆಚ್ಚು ಏರಿ ಅತಿ ಹೆಚ್ಚು ಇಳಿಯುತ್ತದೆ. ಆಗ ಗವಿಯ ಬಾಯಿ ಹೊತ್ತಿಗೊಂದು ಅಳತೆ, ಸೆಳೆತವೂ ಬಿರುಸು. ಅಷ್ಟಮಿ ಕಳೆದ ಒಂದೆರಡು ದಿನ ಏರಿಳಿತ ಕಡಿಮೆ. ನೀರು ಮಧ್ಯದ ಮಟ್ಟದಲ್ಲೇ ಬಹಳ ಹೊತ್ತು ನಿಲ್ಲುವುದರಿಂದ ಗವಿಗೆ ನುಗ್ಗಲು ಸಮಯ ಹೆಚ್ಚು ಸಿಗುತ್ತದೆ. ಆದ್ದರಿಂದ ವಿಮಾನದ ಟಿಕೆಟ್ ಕಾಯ್ದಿರಿಸುವಾಗ ಪಂಚಾಂಗ ಪಕ್ಕದಲ್ಲಿರಲಿ. ಕೆಳಗಿನ ಐದನೆಯ ದಿನ ಅಷ್ಟಮಿ–ದಶಮಿಯ ಆಸುಪಾಸಿಗೆ ಬರುವಂತೆ ಲೆಕ್ಕ ಹಾಕಿ. ಕಾರ್ತಿಕ ಹುಣ್ಣಿಮೆಯ ವೇಳೆಗೆ ಅಲ್ಲಿ ಲೋಯ್ ಕ್ರಥೋಂಗ್ ಹಬ್ಬ, ನೀರಿನಲ್ಲಿ ದೀಪ ತೇಲಿಬಿಡುತ್ತಾರೆ. ನೋಡಲು ಚೆಂದ, ಕೊಠಡಿ ಸಿಗುವುದು ಕಷ್ಟ.

ಥಾಯ್ಲೆಂಡಿಗೆ ಬರುವವರು ಡಿಜಿಟಲ್ ಆಗಮನ ಚೀಟಿಯನ್ನು ಇಳಿಯುವ ಮೊದಲಿನ ಮೂರು ದಿನದೊಳಗೆ ಆನ್‌ಲೈನಿನಲ್ಲಿ ತುಂಬಬೇಕು. 2025ರ ಮೇ 1ರಿಂದ ಇದು ಕಡ್ಡಾಯ, ಶುಲ್ಕವಿಲ್ಲ. ಹಣ ಕೇಳುವ ಜಾಲತಾಣ ಸಿಕ್ಕರೆ ಅದು ಸರ್ಕಾರದ್ದಲ್ಲ. ವೀಸಾ ನಿಯಮ ಆಗಾಗ ಬದಲಾಗುತ್ತದೆ, ಹೊರಡುವ ವಾರ ಮತ್ತೊಮ್ಮೆ ನೋಡಿ.

ಚೀಲದಲ್ಲಿ ಇರಬೇಕಾದ್ದು: ನೀರು ಹೋಗದ 10 ಲೀಟರಿನ ಡ್ರೈ ಬ್ಯಾಗ್, ತಲೆಗೆ ಕಟ್ಟುವ ಟಾರ್ಚ್, ಹಿಮ್ಮಡಿಗೆ ಪಟ್ಟಿ ಇರುವ ರಬ್ಬರ್ ಚಪ್ಪಲಿ, ಉದ್ದ ತೋಳಿನ ಈಜುಡುಗೆ. ಸನ್‌ಸ್ಕ್ರೀನ್ ಕೊಳ್ಳುವಾಗ ಡಬ್ಬಿಯ ಹಿಂಬದಿ ಓದಿ. ಆಕ್ಸಿಬೆನ್ಜೋನ್, ಆಕ್ಟಿನಾಕ್ಸೇಟ್ ಇರುವುದು ಹವಳಕ್ಕೆ ವಿಷ. ಥಾಯ್ ಸಾಗರ ಉದ್ಯಾನಗಳಲ್ಲಿ 2021ರಿಂದ ಇವಕ್ಕೆ ನಿಷೇಧ. ಉದ್ದ ತೋಳಿನ ಅಂಗಿ ಹಾಕಿದರೆ ಈ ಚಿಂತೆ ಅರ್ಧ ತೀರುತ್ತದೆ.

ಒಂದನೆಯ ದಿನ: ಬ್ಯಾಂಕಾಕ್‌ನಿಂದ ಪಾಕ್ ಚೊಂಗ್

ಬೆಂಗಳೂರಿನಿಂದ ಬ್ಯಾಂಕಾಕ್ ಸುಮಾರು ನಾಲ್ಕು ಗಂಟೆ. ಗಡಿಯಾರವನ್ನು ಒಂದೂವರೆ ಗಂಟೆ ಮುಂದಕ್ಕೆ ತಿರುಗಿಸಿ. ಸುವರ್ಣಭೂಮಿ ನಿಲ್ದಾಣದಿಂದ ಏರ್‌ಪೋರ್ಟ್ ರೈಲಿನಲ್ಲಿ ಮಕ್ಕಸನ್, ಅಲ್ಲಿಂದ ಮೆಟ್ರೊದಲ್ಲಿ ಬಾಂಗ್ ಸೂ. ದೂರದ ಎಕ್ಸ್‌ಪ್ರೆಸ್ ರೈಲುಗಳು ಹೊರಡುವ ಕ್ರುಂಗ್ ಥೇಪ್ ಅಭಿವತ್ ನಿಲ್ದಾಣ ಅದಕ್ಕೇ ಅಂಟಿಕೊಂಡಿದೆ. ಈಶಾನ್ಯ ಮಾರ್ಗದ ರೈಲು ಖಾವೊ ಯಾಯ್ ಕಾಡಿನ ಹತ್ತಿರದ ಪಟ್ಟಣವಾದ ಪಾಕ್ ಚೊಂಗ್ ತಲುಪಲು ಮೂರು ಗಂಟೆ. ನಾಲ್ಕು ಜನ ಇದ್ದರೆ ವಿಮಾನ ನಿಲ್ದಾಣದಿಂದಲೇ ಟ್ಯಾಕ್ಸಿ ಮಾಡುವುದು ಲೇಸು, ಹಗಲು ಉಳಿಯುತ್ತದೆ. ರಾತ್ರಿ ಪಾಕ್ ಚೊಂಗ್‌ನಲ್ಲಿ ತಂಗಿ.

ಎರಡನೆಯ ದಿನ: ಹೇವ್ ಸುವತ್, ಗುಪ್ತತೀರದ ಬಾಗಿಲು

‘ದಿ ಬೀಚ್’ನಲ್ಲಿ ಗುಪ್ತ ತೀರಕ್ಕೆ ಹೋಗುವ ದಾರಿ ಒಂದು ಜಲಪಾತ. ನಾಯಕ ಮತ್ತು ಜೊತೆಗಾರರು ಕಾಡು ದಾಟಿ ಬಂದು, ಬೇರೆ ದಾರಿಯಿಲ್ಲದೆ ಮೇಲಿನಿಂದ ಧುಮುಕುತ್ತಾರೆ. ಆ ಜಲಪಾತ ಇರುವುದು ದ್ವೀಪದಲ್ಲಲ್ಲ, ಖಾವೊ ಯಾಯ್ ಕಾಡಿನ ನಡುವೆ. ಹೆಸರು ಹೇವ್ ಸುವತ್, ಎತ್ತರ ಸುಮಾರು 20 ಮೀಟರ್. ನೀರಿನಿಂದ ಮೇಲೆದ್ದವರು ಪರದೆಯ ಮೇಲೆ ಕಡಲತೀರ ಸೇರುತ್ತಾರೆ. ಆ ತೀರ ಇಲ್ಲಿಂದ ನೇರ ಗೆರೆ ಎಳೆದರೆ ಸುಮಾರು 800 ಕಿಲೋಮೀಟರ್ ದಕ್ಷಿಣಕ್ಕಿದೆ. ಥಾಯ್ಲೆಂಡಿನೊಳಗೇ ಹಾಕಿದ ಹೊಲಿಗೆಗಳಲ್ಲಿ ಈ ಪ್ರವಾಸದ ಅತಿ ಉದ್ದದ್ದು ಇದೇ, ಆದ್ದರಿಂದ ಇಲ್ಲಿಂದಲೇ ಶುರುಮಾಡುವುದು ಸರಿ.

ಖಾವೊ ಯಾಯ್ ಥಾಯ್ಲೆಂಡಿನ ಮೊದಲ ರಾಷ್ಟ್ರೀಯ ಉದ್ಯಾನ, 1962ರಲ್ಲಿ ಸ್ಥಾಪನೆಯಾದದ್ದು. ವಿದೇಶಿ ವಯಸ್ಕರಿಗೆ ಪ್ರವೇಶ 400 ಬಾತ್. ಪಾಕ್ ಚೊಂಗ್‌ನಿಂದ ಸೊಂಗ್‌ತೇವ್, ಅಂದರೆ ಹಿಂದೆ ಎರಡು ಸಾಲು ಬೆಂಚು ಹಾಕಿದ ಪಿಕಪ್ ವಾಹನ, ಉದ್ಯಾನದ ಗೇಟಿನವರೆಗೆ ಮಾತ್ರ ಬಿಡುತ್ತದೆ. ಹೆಚ್ಚಿನವರು ತಪ್ಪುವುದು ಇಲ್ಲೇ. ಗೇಟಿನಿಂದ ಮಾಹಿತಿ ಕೇಂದ್ರಕ್ಕೇ ಸುಮಾರು 14 ಕಿಲೋಮೀಟರ್, ಜಲಪಾತ ಇನ್ನೂ ಒಳಗೆ. ಒಳಗೆ ಬಸ್ಸು ಓಡುವುದಿಲ್ಲ. ಇಡೀ ದಿನಕ್ಕೆ ವಾಹನ ಗೊತ್ತುಮಾಡಿಕೊಂಡೇ ಹೊರಡಿ. ಸ್ಕೂಟರ್ ಬಾಡಿಗೆಗೆ ಪಡೆಯುವವರ ಬಳಿ ಬೈಕಿಗೂ ಅನ್ವಯಿಸುವ ಅಂತರರಾಷ್ಟ್ರೀಯ ಪರವಾನಗಿ ಇರಬೇಕು. ಇಲ್ಲದಿದ್ದರೆ ಅಪಘಾತವಾದಾಗ ವಿಮೆ ಕೈಕೊಡುತ್ತದೆ. ರಸ್ತೆಯಲ್ಲಿ ಆನೆ ಸಿಕ್ಕರೆ ದೂರ ನಿಲ್ಲಿಸಿ, ಹಾರ್ನ್ ಮಾಡದೆ, ಹಿಂದಕ್ಕೆ ಸರಿಯಲು ಜಾಗ ಬಿಟ್ಟುಕೊಂಡು ಕಾಯಬೇಕು. ಬಂಡೀಪುರದ ರಸ್ತೆಯಲ್ಲಿ ಓಡಾಡಿದವರಿಗೆ ಇದನ್ನು ಹೇಳಬೇಕಿಲ್ಲ.

ಫಾ ಕ್ಲುವಾಯ್ ಮಾಯ್ ಶಿಬಿರದ ಬಳಿಯಿಂದ ಲಾಮ್ ತಖೋಂಗ್ ಹೊಳೆಯ ದಡದಲ್ಲೇ ಮೂರು ಕಿಲೋಮೀಟರ್ ನಡೆದು ಹೇವ್ ಸುವತ್ ಸೇರಬಹುದು. ಮೊಸಳೆಯ ಎಚ್ಚರಿಕೆ ಫಲಕ ಕಂಡ ಕಡೆ ನೀರಿನ ಅಂಚಿಗೆ ಹೋಗಬೇಡಿ. ಜಿಗಣೆ ಧಾರಾಳ, ಪ್ಯಾಂಟಿನ ಮೇಲೆ ಮೊಣಕಾಲವರೆಗೆ ಎಳೆದು ಕಟ್ಟುವ ಬಟ್ಟೆಯ ಕಾಲುಚೀಲ ಮಾಹಿತಿ ಕೇಂದ್ರದಲ್ಲಿ ಸಿಗುತ್ತದೆ. ನಡೆಯಲಾರದವರಿಗೆ ಜಲಪಾತದ ನೆತ್ತಿಯವರೆಗೂ ಟಾರು ರಸ್ತೆ ಇದೆ, ಅಲ್ಲಿಂದ ಕಡಿದಾದ ಮೆಟ್ಟಿಲು ಕೆಳಕ್ಕೆ.

ಮೇಲಿನ ನೋಟಕಟ್ಟೆ ಮತ್ತು ಕೆಳಗಿನ ಮಡು, ಎರಡೂ ಕಡೆ ನಿಂತು ನೋಡಿ. ಮೇಲಿನಿಂದ ಬಿದ್ದ ನೀರು ದುಂಡನೆಯ ಮಡುವಿನಲ್ಲಿ ಕುದಿಯುತ್ತದೆ, ಹಿಂದೆ ಬಂಡೆ ಒಳಕ್ಕೆ ಬಾಗಿ ಪೊಟರೆಯಾಗಿದೆ. ಸುತ್ತ ಕಾಡು ಮುಚ್ಚಿಕೊಂಡಿರುವುದರಿಂದ ಇದು ಯಾವ ದೇಶದ ಯಾವ ಮೂಲೆಯೂ ಆಗಬಹುದು. ಸಿನಿಮಾಕ್ಕೆ ಬೇಕಾದದ್ದು ಅದೇ. ಇಲ್ಲಿ ಹಾರುವುದು, ಈಜುವುದು ನಿಷಿದ್ಧ. ಕಾರಣ ಬರೀ ಎತ್ತರವಲ್ಲ. ಪ್ರತಿ ಮಳೆಗಾಲದ ಪ್ರವಾಹ ಮಡುವಿನ ತಳದ ಬಂಡೆಗಳನ್ನು ಕದಲಿಸುತ್ತದೆ, ನೊರೆ ಅವನ್ನು ಮುಚ್ಚಿಬಿಡುತ್ತದೆ. ಹೋದ ವರ್ಷ ಆಳವಿದ್ದ ಕಡೆ ಈ ವರ್ಷ ಕಲ್ಲಿರಬಹುದು.

ಮೂರನೆಯ ದಿನ: ಫುಕೆಟ್, ನಕಾಶೆ ಸಿಕ್ಕ ಮನೆ

ಬ್ಯಾಂಕಾಕ್‌ಗೆ ಮರಳಿ, ಫುಕೆಟ್‌ಗೆ ಒಂದು ಗಂಟೆ ಇಪ್ಪತ್ತು ನಿಮಿಷದ ವಿಮಾನ. ಕಡಲತೀರದ ರೆಸಾರ್ಟ್‌ಗಳ ಕಡೆ ಹೋಗದೆ ಹಳೇ ಪಟ್ಟಣದಲ್ಲಿ ಇಳಿದುಕೊಳ್ಳಿ. ಅಲ್ಲಿನ ಫಾಂಗ್ ಙಾ ರಸ್ತೆಯಲ್ಲಿ ಆನ್ ಆನ್ ಹೋಟೆಲ್ ಇದೆ, 1929ರದ್ದು. ‘ದಿ ಬೀಚ್’ನಲ್ಲಿ ನಾಯಕನಿಗೆ ರಹಸ್ಯ ದ್ವೀಪದ ನಕಾಶೆ ಸಿಗುವುದು ಬ್ಯಾಂಕಾಕಿನ ಖಾವೊಸಾನ್ ರಸ್ತೆಯ ಅಗ್ಗದ ವಸತಿಗೃಹದಲ್ಲಿ. ಪರದೆಯ ಮೇಲೆ ಬ್ಯಾಂಕಾಕ್, ನೆಲದ ಮೇಲೆ ಇದೇ ಆನ್ ಆನ್. ಆಗಿನ ಮಾಸಿದ ಗೋಡೆ ಈಗಿಲ್ಲ; ಕಟ್ಟಡವನ್ನು ಚೊಕ್ಕಟವಾಗಿ ದುರಸ್ತಿ ಮಾಡಿ, ಬಿಳಿ ಬಣ್ಣ ಬಳಿದು ನಡೆಸುತ್ತಿದ್ದಾರೆ. ಹಾಗಾಗಿ ಸಿನಿಮಾದ ಕೊಳಕು ಕೋಣೆ ಹುಡುಕುವ ಬದಲು ಕಟ್ಟಡದ ಅಂಗರಚನೆ ನೋಡಿ.

ತವರದ ಗಣಿಯಿಂದ ದುಡ್ಡು ಕಂಡ ಚೀನೀ ವರ್ತಕರು ಇಲ್ಲಿ ಕಟ್ಟಿಸಿದ ಅಂಗಡಿ–ಮನೆಗಳು ರಸ್ತೆಗೆ ಕಿರಿದು, ಒಳಕ್ಕೆ ಉದ್ದ. ಬೆಳಕು ಗಾಳಿಗಾಗಿ ನಡುವೆ ಆಕಾಶಕ್ಕೆ ತೆರೆದ ಅಂಗಳ. ನಮ್ಮ ತೊಟ್ಟಿಮನೆಯ ಲೆಕ್ಕವೇ. ಹೊರಗಿನಿಂದ ಗೊತ್ತೇ ಆಗದ, ಒಳಗೆ ಆಕಾಶ ಕಾಣುವ ಕೋಣೆ: ಮುಂದಿನ ಐದು ದಿನ ಬಂಡೆಯಲ್ಲಿ ಹುಡುಕಬೇಕಾದ ಆಕಾರ ಇದೇ ಎಂದು ನೆನಪಿಟ್ಟುಕೊಳ್ಳಿ.

ಸಸ್ಯಾಹಾರಿಗಳಿಗೆ ಒಂದು ಮಾತು. ಕೆಂಪು–ಹಳದಿ ಬಣ್ಣದ ‘ಜೇ’ ಫಲಕ ಇರುವ ಅಂಗಡಿಯಲ್ಲಿ ಮಾಂಸ, ಮೀನು, ಮೊಟ್ಟೆ, ಹಾಲು, ಬೆಳ್ಳುಳ್ಳಿ ಯಾವುದೂ ಇರುವುದಿಲ್ಲ. ಹಳೇ ಪಟ್ಟಣದ ರನೋಂಗ್ ರಸ್ತೆಯಲ್ಲಿ, ಜುಯಿ ತುಯಿ ದೇವಸ್ಥಾನದ ಆಸುಪಾಸು ಇಂಥ ಅಂಗಡಿಗಳಿವೆ. ಬೇರೆ ಕಡೆ ‘ಮಾಯ್ ಸಾಯ್ ನಾಮ್ ಪ್ಲಾ’ ಎನ್ನಿ, ಮೀನಿನ ಸಾರ ಹಾಕಬೇಡಿ ಎಂದರ್ಥ. ತರಕಾರಿ ಪಲ್ಯದಲ್ಲೂ ಅದು ಇದ್ದೇ ಇರುತ್ತದೆ.

ನಾಲ್ಕನೆಯ ದಿನ: ಸ್ಕಾರಮಾಂಗನ ದ್ವೀಪ

ಬೆಳಗಿನ ಆರಕ್ಕೆಲ್ಲ ಫುಕೆಟ್ ಬಿಟ್ಟರೆ ಒಂದೂವರೆ ಗಂಟೆಯಲ್ಲಿ ಫಾಂಗ್ ಙಾ ಪಟ್ಟಣದ ಹತ್ತಿರದ ಸುರಕುಲ್ ದೋಣಿಕಟ್ಟೆ. ಫುಕೆಟ್‌ನ ಸ್ಪೀಡ್‌ಬೋಟುಗಳು ದ್ವೀಪಕ್ಕೆ ಬಂದು ಮುತ್ತುವುದು ಹತ್ತೂವರೆಯ ಮೇಲೆ. ಎಂಟಕ್ಕೆ ಇಲ್ಲಿಂದ ಉದ್ದಬಾಲದ ದೋಣಿ ಹಿಡಿದವರಿಗೆ ಎರಡು ಗಂಟೆ ಮುನ್ನಡೆ ಸಿಗುತ್ತದೆ. ಆ ದೋಣಿಯ ಎಂಜಿನ್ನಿಗೆ ಉದ್ದ ಕೋಲಿನ ತುದಿಯಲ್ಲಿ ಪ್ರೊಪೆಲರ್; ಕೆಸರು ಬಂದರೆ ಅಂಬಿಗ ಕೋಲನ್ನೇ ಎತ್ತಿಬಿಡುತ್ತಾನೆ. ಮೂತಿಗೆ ಕಟ್ಟಿದ ಬಣ್ಣದ ಬಟ್ಟೆ ದೋಣಿಯ ದೇವತೆ ಮೇ ಯಾ ನಾಂಗ್‌ಗೆ ಸಲ್ಲಿಸಿದ್ದು. ಅದರ ಮೇಲೆ ಕಾಲಿಡುವುದು, ಮೂತಿಯ ಮೇಲೆ ಕೂರುವುದು ಬೇಡ.

ಮೊದಲರ್ಧ ದಾರಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವಿನ ಹೊಳೆ. ನೀರು ನೀಲಿಯಲ್ಲ, ಹಾಲು ಬೆರೆಸಿದ ಹಸಿರು. ಕೊಲ್ಲಿ ಆಳವಿಲ್ಲದ್ದು, ಹೊಳೆಗಳು ಮಣ್ಣು ತಂದು ಸುರಿಯುತ್ತವೆ, ಕಾಂಡ್ಲಾ ಬೇರು ಅದನ್ನು ಹಿಡಿದಿಡುತ್ತದೆ. ಆ ಹೂಳೇ ಬಣ್ಣಕ್ಕೆ ಕಾರಣ. ಕೊಳೆ ನೀರೆಂದು ಬೇಸರಪಡಬೇಕಿಲ್ಲ. ಆಮೇಲೆ ಸುಣ್ಣಕಲ್ಲಿನ ಗೋಡೆಗಳು ನೀರಿನಿಂದ ನೆಟ್ಟಗೆ ಮೇಲೇಳುತ್ತವೆ. ಯಾಣದ ಭೈರವೇಶ್ವರ ಶಿಖರ ಕಂಡವರು ಅದನ್ನೇ ಹತ್ತಾರು ಸಲ ಕಡಲಲ್ಲಿ ನೆಟ್ಟಂತೆ ಊಹಿಸಿಕೊಳ್ಳಬಹುದು. ಆವೊ ಫಾಂಗ್ ಙಾ ರಾಷ್ಟ್ರೀಯ ಉದ್ಯಾನವಾಗಿ ಇದು ಘೋಷಣೆಯಾದದ್ದು 1981ರಲ್ಲಿ, ಸಿನಿಮಾ ಬಂದ ಏಳು ವರ್ಷಕ್ಕೆ.

ದ್ವೀಪದ ಹೆಸರು ಖಾವೊ ಫಿಂಗ್ ಕಾನ್, ಒಂದಕ್ಕೊಂದು ಒರಗಿದ ಬೆಟ್ಟಗಳು ಎಂದರ್ಥ. ದೈತ್ಯ ಬಂಡೆಯೊಂದು ಸೀಳಿ, ಜಾರಿ, ಪಕ್ಕದ ಬಂಡೆಗೆ ನುಣುಪಾದ ಮುಖ ಆನಿಸಿ ನಿಂತಿದೆ. ಆ ಸಂದಿಯನ್ನು ದಾಟಿಕೊಂಡೇ ಹೋಗಬೇಡಿ, ನಿಂತು ನೋಡಿ. ದೋಣಿ ನಿಲ್ಲಿಸಿದ ಬದಿಯಿಂದ ಪುಟ್ಟ ಕಾಲುದಾರಿ ದಾಟಿದರೆ ಮರಳಿನ ಚಿಕ್ಕ ಕೊಲ್ಲಿ. ಎದುರಿಗೆ, ಸುಮಾರು 40 ಮೀಟರ್ ಆಚೆ ನೀರಿನಲ್ಲಿ, ಕೊ ತಾಪು. ಹಿಂದಿ ಬಲ್ಲವರು ‘ಟಾಪು’ ಎಂದರೆ ದ್ವೀಪ ಎಂದುಕೊಳ್ಳುವುದುಂಟು. ಥಾಯ್ ಭಾಷೆಯಲ್ಲಿ ತಾಪು ಎಂದರೆ ಮೊಳೆ. ಎತ್ತರ 20 ಮೀಟರ್, ತಲೆಯಲ್ಲಿ 8 ಮೀಟರ್ ಅಗಲ, ನೀರಿನ ಬಳಿ 4 ಮೀಟರ್ ಮಾತ್ರ. ಉಬ್ಬರ ಇಳಿತದ ನಡುವಿನ ಪಟ್ಟಿಯಲ್ಲಿ ಅಲೆ ಹೊಡೆದು, ನೀರು ಸುಣ್ಣ ಕರಗಿಸಿ, ಕಲ್ಲು ಕೊರೆಯುವ ಜೀವಿಗಳು ತೂತು ಮಾಡಿ, ಸುತ್ತಲೂ ಒಂದೇ ಮಟ್ಟದಲ್ಲಿ ಸೊಂಟ ಸವೆದಿದೆ. ದೋಣಿಯ ಅಲೆ ತಾಕಿ ಸವೆತ ಹೆಚ್ಚದಿರಲೆಂದು ಅದರ ಹತ್ತಿರಕ್ಕೆ ದೋಣಿ ಒಯ್ಯುವುದನ್ನು 1998ರಿಂದ ನಿಲ್ಲಿಸಿದ್ದಾರೆ. ‘ಸುತ್ತು ಹಾಕಿಸುತ್ತೇವೆ’ ಎನ್ನುವವರ ದೋಣಿ ಹತ್ತಬೇಡಿ.

ಈಗ ಸಿನಿಮಾದ ಲೆಕ್ಕ. ಕಥೆಯಲ್ಲಿ ಈ ದ್ವೀಪ ಇರುವುದು ಚೀನಾದ ಕಡಲಿನಲ್ಲಿ. ಬಾಂಡ್ ಪುಟ್ಟ ಸೀಬೀ ವಿಮಾನದಲ್ಲಿ ಈ ಬಂಡೆಗಳ ನಡುವೆ ನುಸುಳಿ ಬಂದು ನೀರಿಗಿಳಿಯುತ್ತಾನೆ. ಕ್ರಿಸ್ಟೋಫರ್ ಲೀ ಆಡಿದ ಸ್ಕಾರಮಾಂಗ ತೀರದಲ್ಲಿ ಬರಮಾಡಿಕೊಳ್ಳುತ್ತಾನೆ. ಇಬ್ಬರೂ ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲುವ ಬಂದೂಕಿನ ಕಾಳಗದ ಮರಳು ಇದೇ. ಮೊಳೆಬಂಡೆಯ ತಲೆ ತೆರೆದು ಸೂರ್ಯನ ಬೆಳಕು ಹಿಡಿಯುವ ಫಲಕ ಮೇಲೆದ್ದು ಬರುವುದನ್ನು ನೆನಪಿಸಿಕೊಂಡು ನೋಡಿ: ಅಷ್ಟು ಚಿಕ್ಕ ತಲೆಯಲ್ಲಿ ಅಂಥ ಯಂತ್ರಕ್ಕೆ ಜಾಗವೇ ಇಲ್ಲ. ವಿದ್ಯುತ್ ಸ್ಥಾವರ, ಊಟದ ಮನೆ, ಕನ್ನಡಿಗಳಿಂದ ದಾರಿ ತಪ್ಪಿಸುವ ಆಟದ ಮನೆ ಎಲ್ಲ ಇಂಗ್ಲೆಂಡಿನ ಪೈನ್‌ವುಡ್ ಸ್ಟುಡಿಯೊದಲ್ಲಿ ಪೀಟರ್ ಮರ್ಟನ್ ಮೇಲ್ವಿಚಾರಣೆಯಲ್ಲಿ ಕಟ್ಟಿದ ಸೆಟ್. ಕೊನೆಯ ಸ್ಫೋಟಕ್ಕೆ ಡೆರೆಕ್ ಮೆಡಿಂಗ್ಸ್ ಮಾದರಿಗಳನ್ನು ಮಾಡಿದ್ದರು. ಅಂದರೆ ಸ್ಕಾರಮಾಂಗನ ಮನೆಯ ಹೊಸಿಲು ದಾಟಿದ ಕ್ಷಣವೇ ಪಾತ್ರಗಳು ಏಷ್ಯಾ ಬಿಟ್ಟಿರುತ್ತವೆ. ಹೊಲಿಗೆ ಆ ಹೊಸಿಲಿನಲ್ಲಿದೆ. ನಮ್ಮ ಅಭಿಪ್ರಾಯದಲ್ಲಿ ಈ ಚಿತ್ರದ ಸೆಟ್‌ಗಿಂತ ಬಂಡೆಯೇ ದೊಡ್ಡ ನಟ. ಐವತ್ತು ವರ್ಷದ ಮೇಲೂ ಜನರ ನೆನಪಿನಲ್ಲಿ ನಿಂತದ್ದು ಅದೇ.

ಮರಳಿನ ಮೇಲಿನ ಅಂಗಡಿಗಳಲ್ಲಿ ಚಿಪ್ಪು, ಹವಳ ಮಾರುತ್ತಾರೆ. ಕೊಳ್ಳಬೇಡಿ. ಹವಳ ದೇಶದಾಚೆ ಒಯ್ಯುವುದು ಅಪರಾಧ.

ಮರಳುವಾಗ ಕೊ ಪನ್ಯೀಯಲ್ಲಿ ಊಟ. ಕಂಬಗಳ ಮೇಲೆ ನಿಂತ ಈ ಮೀನುಗಾರರ ಹಳ್ಳಿಯನ್ನು ನೆಲೆಗೊಳಿಸಿದವರು ಜಾವಾ ಕಡೆಯಿಂದ ಬಂದ ಮುಸ್ಲಿಮರು. ಮೈಮುಚ್ಚುವ ಬಟ್ಟೆ ಇರಲಿ, ಮದ್ಯ ಕೇಳಬೇಡಿ. ಆಟಕ್ಕೆ ನೆಲವಿಲ್ಲದೆ ಹುಡುಗರು ಹಲಗೆ ಜೋಡಿಸಿ ಮಾಡಿಕೊಂಡ ತೇಲುವ ಫುಟ್ಬಾಲ್ ಅಂಗಳ ನೋಡದೆ ಬರಬೇಡಿ.

ಐದನೆಯ ದಿನ: ಹೋಂಗ್, ಬಂಡೆಯೊಳಗಿನ ಕೋಣೆ

ನಿನ್ನೆ ಕಾಣದೇ ಹೋದ ಒಳಕೋಣೆ ಇಂದು ಸಿಗುತ್ತದೆ. ಅದೇ ಕೊಲ್ಲಿಯ ಪನಕ್ ದ್ವೀಪದ ಹೊಟ್ಟೆಯಲ್ಲಿ ಹಲವು ‘ಹೋಂಗ್’ಗಳಿವೆ. ಥಾಯ್ ಭಾಷೆಯಲ್ಲಿ ಹೋಂಗ್ ಎಂದರೆ ಕೋಣೆ ಎಂದೇ ಅರ್ಥ. ಮಳೆನೀರು ಸುಣ್ಣಕಲ್ಲನ್ನು ಕರಗಿಸಿ ಒಳಗೆ ಗವಿ ಮಾಡಿತು, ಗವಿಯ ಮಾಡು ಕುಸಿಯಿತು, ಸಮುದ್ರ ಬುಡದಲ್ಲಿ ಸುರಂಗ ಕೊರೆದು ಒಳಗೆ ಬಂತು. ಉಳಿದದ್ದು ಸುತ್ತ ಗೋಡೆ, ಮೇಲೆ ಆಕಾಶ, ಕೆಳಗೆ ಸಮುದ್ರದ ನೆಲ. ದೋಣಿಯಿಂದ ನೋಡಿದರೆ ಬರೀ ಬಂಡೆ.

ಫುಕೆಟ್‌ನ ಈಶಾನ್ಯದ ಆವೊ ಪೊರ್ ಕಟ್ಟೆಯಿಂದ ದೊಡ್ಡ ದೋಣಿ, ಅದರ ಮೇಲೆ ರಬ್ಬರ್ ಕಯಾಕ್‌ಗಳು. ಟಿಕೆಟ್ ಕೊಳ್ಳುವಾಗ ‘ಎಷ್ಟು ಗಂಟೆಗೆ ಹೊರಡುತ್ತೀರಿ’ ಎಂದು ಕೇಳುವುದಲ್ಲ, ‘ಆ ದಿನದ ನೀರಿನ ಮಟ್ಟಕ್ಕೆ ಯಾವ ಹೋಂಗ್ ಸಿಗುತ್ತದೆ’ ಎಂದು ಕೇಳಿ. ತಿಳಿದವರು ನೀರಿನ ಪಟ್ಟಿ ನೋಡಿ ಉತ್ತರ ಹೇಳುತ್ತಾರೆ. ಎಲ್ಲವೂ ಎಂದಿಗೂ ಸಿಗುತ್ತವೆ ಎನ್ನುವವರನ್ನು ಬಿಟ್ಟುಬಿಡಿ. ನೀರು ಹೆಚ್ಚಿದರೆ ಸುರಂಗದ ಮಾಡಿಗೂ ನೀರಿಗೂ ನಡುವೆ ಗೇಣು ಜಾಗವೂ ಉಳಿಯುವುದಿಲ್ಲ. ಕಡಿಮೆಯಾದರೆ ಕಯಾಕ್ ಕೆಸರಿನಲ್ಲಿ ಕೂರುತ್ತದೆ, ಇಲ್ಲವೇ ಗೋಡೆಗೆ ಅಂಟಿದ ಸಿಂಪಿಯ ಅಂಚು ರಬ್ಬರನ್ನು ಸೀಳುತ್ತದೆ. ಮಧ್ಯದ ಮಟ್ಟ ಬೇಕು. ಅಷ್ಟಮಿಯ ಲೆಕ್ಕ ಹಾಕಿದ್ದು ಇದಕ್ಕೇ.

ನುಗ್ಗುವ ಕ್ರಮ ಹೀಗೆ. ಕಯಾಕಿನಲ್ಲಿ ಅಂಗಾತ ಮಲಗಿ. ಮೂಗು ಮಾಡಿಗೆ ಹತ್ತಿರವಾದರೂ ತಲೆ ಎತ್ತಬೇಡಿ. ಕೈ, ಮೊಣಕೈ, ಕ್ಯಾಮೆರಾ ಎಲ್ಲ ಒಳಗೆ. ಗೋಡೆಯನ್ನು ಕೈಯಿಂದ ತಳ್ಳಲು ಮನಸ್ಸಾಗುತ್ತದೆ. ಹೆಚ್ಚಿನ ಗಾಯ ಆಗುವುದು ಆಗಲೇ, ಸಿಂಪಿ ಬ್ಲೇಡಿನಂತೆ ಕೊಯ್ಯುತ್ತದೆ. ಬಾವಲಿಗಳಿರುವ ಸುರಂಗದಲ್ಲಿ ಘಾಟು ವಾಸನೆ. ಟಾರ್ಚ್ ಬೆಳಕನ್ನು ಅವುಗಳ ಮೇಲೆ ಬಿಡದೆ ನೀರಿನ ಕಡೆ ಹಿಡಿಯಿರಿ. ತೂಗುವ ಸುಣ್ಣದ ಕೊಂಬುಗಳನ್ನು ಮುಟ್ಟಬೇಡಿ, ಬೆರಳಿನ ಎಣ್ಣೆ ತಾಗಿದ ಕಡೆ ಕೊಂಬು ಬೆಳೆಯುವುದು ನಿಲ್ಲುತ್ತದೆ.

ಒಳಗೆ ಬಂದಾಗ ಮೊದಲು ಗೊತ್ತಾಗುವುದು ಸದ್ದಿಲ್ಲದಿರುವುದು. ಕಾಂಡ್ಲಾ ಗಿಡ, ಕೆಸರಿನ ಮೇಲೆ ಕುಪ್ಪಳಿಸುವ ಮೀನು, ಗೋಡೆಯ ಬಿರುಕಿಗೆ ಬೇರು ಬಿಟ್ಟ ಮರ, ಏಡಿ ಹಿಡಿದು ತಿನ್ನುವ ಕೋತಿಗಳು. ಮಾತಾಡಿದರೆ ಗೋಡೆ ಅದನ್ನು ನಾಲ್ಕು ಸಲ ಹೇಳುತ್ತದೆ. ಕೋತಿಗೆ ತಿನಿಸು ಕೊಡಬೇಡಿ. ಕಚ್ಚಿದರೆ ಪ್ರವಾಸ ಬಿಟ್ಟು ರೇಬೀಸ್ ಚುಚ್ಚುಮದ್ದಿಗೆ ಓಡಬೇಕಾಗುತ್ತದೆ. ನಡೆಸುವವ ‘ಹೊರಡೋಣ’ ಎಂದಾಗ ಇನ್ನೊಂದು ಫೋಟೊ ಎಂದು ಎಳೆಯಬೇಡಿ, ಅವನು ನೋಡುತ್ತಿರುವುದು ಸುರಂಗದ ಬಾಯಿಯನ್ನು.

ಆರನೆಯ ದಿನ: ಫೀ ಫೀ

ಫುಕೆಟ್‌ನ ರಸಡಾ ಬಂದರಿನಿಂದ ಫೀ ಫೀ ಡೊನ್ ದ್ವೀಪಕ್ಕೆ ಎರಡು ಗಂಟೆಯ ಫೆರಿ. ಅಂದು ಬೇರೇನೂ ಇಟ್ಟುಕೊಳ್ಳಬೇಡಿ. ಸಂಜೆ ನೋಟದ ಗುಡ್ಡ ಹತ್ತಿದರೆ ಎರಡು ಬೆಟ್ಟಗಳನ್ನು ಹಿಡಿದಿಟ್ಟ ಸಣ್ಣ ಮರಳಿನ ನಡು ಕಾಣುತ್ತದೆ. 2004ರ ಸುನಾಮಿಯಲ್ಲಿ ನೀರು ಆ ನಡುವಿಗೆ ಎರಡೂ ಬದಿಯಿಂದ ನುಗ್ಗಿತು. ನಾಳೆಯ ದೋಣಿಯನ್ನು ಇಂದೇ ಗೊತ್ತುಮಾಡಿ, ನಾಳೆಯೇ ಮುಂದೆ ಹೋಗಬೇಕಾದ ಕೊ ಮುಕ್ ದ್ವೀಪದ ಟಿಕೆಟನ್ನೂ.

ಏಳನೆಯ ದಿನ: ಮಾಯಾ ಬೇ

ಮಾಯಾ ಬೇ ಇರುವುದು ಜನವಸತಿ ಇಲ್ಲದ ಫೀ ಫೀ ಲೇ ದ್ವೀಪದಲ್ಲಿ. ಬೆಳಗಿನ ಆರೂವರೆಗೆ ದೋಣಿ ಹೊರಟರೆ ಅರ್ಧ ಗಂಟೆಯೊಳಗೆ ಲೋ ಸಮಾ, ಅಂದರೆ ದ್ವೀಪದ ಹಿಂಬಾಗಿಲು. ಕೊಲ್ಲಿಯೊಳಕ್ಕೆ ದೋಣಿ ಬಿಡುವುದಿಲ್ಲ. ಹಿಂದೆ ದಿನಕ್ಕೆ 5,000 ಜನ ಬರುತ್ತಿದ್ದರು, ಲಂಗರು ಬಿದ್ದು ಹವಳ ಸತ್ತಿತ್ತು. 2018ರ ಜೂನ್‌ನಲ್ಲಿ ಮುಚ್ಚಿ, ಹವಳ ನೆಟ್ಟು, 2022ರ ಜನವರಿಯಲ್ಲಿ ತೆರೆದರು. ಈಗ ತೇಲುವ ಕಟ್ಟೆಯಲ್ಲಿ ಇಳಿದು, ಮರಗಳ ನಡುವಿನ ಹಲಗೆದಾರಿಯಲ್ಲಿ ನಡೆದು ಹೋಗಬೇಕು. ಸುತ್ತಿಗಿಷ್ಟೇ ಜನ ಎಂಬ ಮಿತಿ ಇದೆ, ಸುಮಾರು ಒಂದು ಗಂಟೆಯ ಅವಕಾಶ, ವಿದೇಶಿ ವಯಸ್ಕರಿಗೆ 400 ಬಾತ್. ನೀರಿಗೆ ಮೊಣಕಾಲವರೆಗೆ ಮಾತ್ರ. ಆ ತೆಳು ನೀರಿನಲ್ಲಿ ಕಪ್ಪು ತುದಿಯ ರೆಕ್ಕೆಯ ಮರಿ ಶಾರ್ಕ್‌ಗಳು ಮರಳಿ ಬಂದಿವೆ, ಜಾಗ ಅವುಗಳದ್ದು. ಗಾಳಿ ಎದ್ದ ದಿನ ತೇಲುವ ಕಟ್ಟೆಗೆ ದೋಣಿ ತಾಗಿಸಲು ಆಗುವುದಿಲ್ಲ. ಅಂಥ ದಿನ ಅಂಬಿಗನನ್ನು ಒತ್ತಾಯಿಸಬೇಡಿ.

ಇಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಕೊಲ್ಲಿಯ ಬಾಯಿ ಪಶ್ಚಿಮದ ಕಡೆ. ಪೂರ್ವದಲ್ಲಿ ಸುಮಾರು 100 ಮೀಟರಿನ ಗೋಡೆ. ಹಾಗಾಗಿ ಏಳಕ್ಕೆ ಹೋದವರಿಗೆ ಜನ ಕಡಿಮೆ, ಆದರೆ ಮರಳು ನೆರಳಿನಲ್ಲಿ, ನೀರು ಮಂಕು. ಸಿನಿಮಾದ ಆ ಹೊಳೆವ ನೀಲಿ ಬರುವುದು ಹತ್ತರ ಮೇಲೆ, ಜನಸಂದಣಿಯ ಜೊತೆಗೆ. ಮುಂಜಾವೇ ಲೇಸು. ಇಲ್ಲಿ ನೋಡಬೇಕಾದ್ದು ಬಣ್ಣವಲ್ಲ, ಆಕಾರ.

ಮರಳಿನ ಮೇಲೆ ನಿಂತು ಸಮುದ್ರದ ಕಡೆ ತಿರುಗಿ. ಮೂರು ಕಡೆ ಗೋಡೆ, ಎದುರಿಗೆ ಬಟಾಬಯಲು ಸಮುದ್ರ. ಇದು ಅಡಗುವ ಜಾಗವೇ ಅಲ್ಲ. ಹಾಯ್ದು ಹೋಗುವ ಯಾವ ಹಡಗಿಗಾದರೂ ಕಾಣುತ್ತದೆ. ನಿರ್ದೇಶಕ ಡ್ಯಾನಿ ಬಾಯ್ಲ್ ಅವರ ತಂಡ ಆ ತೆರೆದ ಬಾಯಿಯನ್ನು ಕಂಪ್ಯೂಟರಿನಲ್ಲಿ ಬೆಟ್ಟ ಎಳೆದು ಮುಚ್ಚಿತು. ಹೊಲಿಗೆ ಅಲ್ಲಿದೆ, ದಿಗಂತದ ಆ ಖಾಲಿ ಜಾಗದಲ್ಲಿ. ಮೂಲ ಕಾದಂಬರಿಯ ತೀರವೂ ಇದಲ್ಲ. ಅದರ ಕಥೆ ನಡೆಯುವುದು ದೇಶದ ಇನ್ನೊಂದು ಬದಿ, ಕೊ ಸಮುಯಿ ಹತ್ತಿರದ ಆಂಗ್ ಥೊಂಗ್ ದ್ವೀಪಗಳಲ್ಲಿ.

ಕಂಪ್ಯೂಟರಿನಲ್ಲಿ ಮಾಡಿದ್ದಕ್ಕಿಂತ ನೆಲದ ಮೇಲೆ ಮಾಡಿದ್ದು ನೋವಿನ ಸಂಗತಿ. 1999ರ ಚಿತ್ರೀಕರಣಕ್ಕಾಗಿ ಮರಳದಿಬ್ಬಗಳನ್ನು ಬುಲ್ಡೋಜರ್‌ನಿಂದ ಸಮಮಾಡಿ, ಅಲ್ಲಿನ ಗಿಡಗಳನ್ನು ಕಿತ್ತು, ‘ಸ್ವರ್ಗ’ದಂತೆ ಕಾಣಲೆಂದು ತೆಂಗಿನ ಸಸಿ ತಂದು ನೆಟ್ಟರು. ಮರಳನ್ನು ಹಿಡಿದಿಟ್ಟಿದ್ದೇ ಆ ಗಿಡಗಳ ಬೇರು. ಬೇರು ಹೋದ ಮೇಲೆ ಮುಂಗಾರಿನ ಅಲೆ ಮರಳನ್ನು ಕೊರೆಯಿತು. ಸ್ಥಳೀಯರು ಹೂಡಿದ ಮೊಕದ್ದಮೆ ವರ್ಷಗಟ್ಟಲೆ ನಡೆಯಿತು. ಇಂದು ಹಗ್ಗ ಕಟ್ಟಿ ಕಾಪಾಡಿರುವ ತೀರದ ಆ ಪೊದೆಗಳನ್ನು ಕಂಡಾಗ ದಾಟಬೇಡಿ. ಈ ತೀರದಲ್ಲಿ ಅತ್ಯಂತ ಬೆಲೆಬಾಳುವುದು ಅದೇ.

ಮರಳುವ ದಾರಿಯಲ್ಲಿ ಪಿಲೇ ಲಗೂನ್. ಕಿರಿದಾದ ಬಾಯಿ, ಒಳಗೆ ಹಸಿರು ಕೊಳ, ಸುತ್ತ ನೆಟ್ಟಗಿನ ಗೋಡೆ. ಅಡಗಲು ಮಾಯಾ ಬೇಗಿಂತ ಇದೇ ಎಷ್ಟೋ ಸರಿ. ಆದರೆ ಬಿಡಾರ ಹೂಡಲು ಬೇಕಾದ ಮರಳದಂಡೆ ಇಲ್ಲ. ಪೂರ್ತಿ ಇಳಿತದಲ್ಲಿ ಬಾಯಿಯ ಬಳಿ ದೋಣಿಯ ತಳ ಉಜ್ಜುತ್ತದೆ. ಪಕ್ಕದ ವೈಕಿಂಗ್ ಗವಿಯನ್ನು ಹೊರಗಿನಿಂದಷ್ಟೇ ನೋಡಬಹುದು. ಒಳಗೆ ಬಿದಿರಿನ ಅಟ್ಟಣಿಗೆ ಕಟ್ಟಿ ಹಕ್ಕಿಗೂಡು ಆಯುವವರ ಕೆಲಸ ನಡೆಯುತ್ತದೆ, ಕಾವಲೂ ಇರುತ್ತದೆ.

ಹತ್ತು ಗಂಟೆಗೆ ಹಿಂದಿರುಗಿ, ಲಾಂಟಾ ದ್ವೀಪದ ಮೇಲಾಗಿ ಕೊ ಮುಕ್‌ಗೆ ಹೋಗುವ ದೋಣಿ ಹಿಡಿಯಿರಿ. ಈ ದೋಣಿಗಳು ನವೆಂಬರ್‌ನಿಂದ ಏಪ್ರಿಲ್‌ವರೆಗಿನ ಋತುವಿನವು, ವೇಳೆ ಬದಲಾಗುತ್ತಿರುತ್ತದೆ. ರಾತ್ರಿ ಮುಕ್‌ನ ಪಶ್ಚಿಮದ ಫರಾಂಗ್ ತೀರದಲ್ಲಿ ತಂಗಿ.

ಎಂಟನೆಯ ದಿನ: ಥಾಮ್ ಮೊರಕೋಟ್

ಕೊ ಮುಕ್‌ನ ಈ ತಾಣದ ಹೆಸರಿನ ಅರ್ಥ ಮರಕತ ಗವಿ. ನಮ್ಮ ಮರಕತವೇ ಅಲ್ಲಿ ಮೊರಕೋಟ್. ಕಡಲ್ಗಳ್ಳರು ಇಲ್ಲಿ ಕೊಳ್ಳೆಯ ಮಾಲು ಬಚ್ಚಿಡುತ್ತಿದ್ದರೆಂದು ಜನ ಹೇಳುತ್ತಾರೆ. ಹೊರಗಿನ ಬಂಡೆಯಲ್ಲಿ ಒಂದು ಕಮಾನು, ಅದರೊಳಗೆ ಸುಮಾರು 80 ಮೀಟರ್ ನೀರಿನ ಸುರಂಗ, ನಡುವೆ ತಿರುವು ಇರುವುದರಿಂದ ಅಲ್ಲಿ ಕಗ್ಗತ್ತಲು. ಆಚೆ ತುದಿಯಲ್ಲಿ ಬಿಳಿ ಮರಳು, ಮರಗಳು, ಸುತ್ತ ಆಕಾಶದವರೆಗೆ ಗೋಡೆ. ಸ್ಕಾರಮಾಂಗನಿಗಾಗಿ ಇಂಗ್ಲೆಂಡಿನಲ್ಲಿ ಕಟ್ಟಿದ ಒಳಕೋಣೆ, ‘ದಿ ಬೀಚ್’ಗಾಗಿ ಎಳೆದ ಬೆಟ್ಟ ಎರಡೂ ಇಲ್ಲಿ ಕಲ್ಲಿನಲ್ಲೇ ಇವೆ. ಹೊಲಿಗೆ ಹುಡುಕಿದರೂ ಸಿಗುವುದಿಲ್ಲ.

ಲಾಂಟಾ ಕಡೆಯ ಪ್ರವಾಸಿ ದೋಣಿಗಳು ಹತ್ತರಿಂದ ಒಂದರವರೆಗೆ ಸಾಲುಗಟ್ಟಿ ಬರುತ್ತವೆ. ಆಗ ಸುರಂಗದಲ್ಲಿ ಒಬ್ಬರ ಜಾಕೆಟ್ ಹಿಡಿದು ಇನ್ನೊಬ್ಬರು ತೇಲುವ ಮಾನವ ಸರಪಳಿ, ಎದುರಿನಿಂದ ಇನ್ನೊಂದು ಸರಪಳಿ, ನಡುವೆ ಒದೆತ. ಎಂಟಕ್ಕೆ ಮೊದಲೇ ಹೋಗಿ. ಫರಾಂಗ್ ತೀರದಿಂದ ಕಯಾಕಿನಲ್ಲಿ ಅರ್ಧ ಗಂಟೆಯೊಳಗೆ ತಲುಪಬಹುದು, ಅಲೆ ಇದ್ದರೆ ಉದ್ದಬಾಲದ ದೋಣಿಯೇ ಕ್ಷೇಮ. ಆ ದಿನದ ಇಳಿತ ಎಷ್ಟು ಹೊತ್ತಿಗೆ ಎಂದು ಹಿಂದಿನ ರಾತ್ರಿಯೇ ಕೇಳಿ; ನೀರು ಇಳಿಯುತ್ತಿರುವಾಗ ಒಳಹೋಗಿ, ಏರತೊಡಗಿದ ಮೇಲೆ ತಡಮಾಡದೆ ಹೊರಬನ್ನಿ. ಉಬ್ಬರ ತುಂಬಿದಾಗ ಮಾಡು ತಲೆಗೆ ಇಳಿಯುತ್ತದೆ, ಹೊರಗಿನ ಅಲೆ ಸುರಂಗದಲ್ಲಿ ಒತ್ತಿ ಜೋರಾಗುತ್ತದೆ, ತಲೆಗೆ ಕಲ್ಲು ಬಡಿಯುವುದು ಆಗಲೇ. ಈಜು ಬಂದರೂ ಲೈಫ್ ಜಾಕೆಟ್ ಇರಲಿ, ಅದು ತಲೆಯನ್ನು ಮೇಲಿಡುತ್ತದೆ ಮತ್ತು ಕೈಗಳನ್ನು ಗೋಡೆ ತಡವಲು ಬಿಡುವು ಮಾಡಿಕೊಡುತ್ತದೆ. ಮುಂದಿನವರಿಗೂ ಹಿಂದಿನವರಿಗೂ ಒಂದೊಂದು ಟಾರ್ಚ್. ಫೋನು ಡ್ರೈ ಬ್ಯಾಗಿನಲ್ಲಿ, ಬ್ಯಾಗಿನಲ್ಲಿ ಸ್ವಲ್ಪ ಗಾಳಿ ಬಿಟ್ಟು ಕಟ್ಟಿದರೆ ಕೈತಪ್ಪಿದರೂ ತೇಲುತ್ತದೆ. ಮಕ್ಕಳಿಗೆ ಕತ್ತಲಿನ ಆ ಎರಡು ನಿಮಿಷದ ಬಗ್ಗೆ ಮೊದಲೇ ಹೇಳಿಡಿ. ಹೆದರಿಕೆಯಾಗುವುದು ಉದ್ದಕ್ಕಲ್ಲ, ಎಷ್ಟು ಉದ್ದವೆಂದು ಗೊತ್ತಿಲ್ಲದ್ದಕ್ಕೆ.

ಸಾಮಾನನ್ನು ಬೆಳಿಗ್ಗೆಯೇ ಕಟ್ಟಿಟ್ಟಿರಿ. ಮಧ್ಯಾಹ್ನದ ದೋಣಿ ಕುವಾನ್‌ತುಂಕು ಕಟ್ಟೆಗೆ, ಅಲ್ಲಿಂದ ಒಂದು ಗಂಟೆಯಲ್ಲಿ ತ್ರಾಂಗ್ ವಿಮಾನ ನಿಲ್ದಾಣ. ಬ್ಯಾಂಕಾಕಿನ ಡಾನ್ ಮುಯಾಂಗ್‌ನಲ್ಲಿ ಇಳಿದು ಸುವರ್ಣಭೂಮಿಗೆ ಹೋಗಬೇಕಾದವರು ನಡುವೆ ನಾಲ್ಕು ಗಂಟೆಯಾದರೂ ಇಟ್ಟುಕೊಳ್ಳಿ.

ಗವಿಯೊಳಗಿನ ಮರಳಿನ ಮೇಲೆ ಕೂತಾಗ ಏನೂ ತಿನ್ನಬೇಡಿ, ತುಣುಕು ಬಿದ್ದರೆ ಇಲಿ ಬರುತ್ತದೆ. ಗೋಡೆಯ ಮೇಲೆ ಬಿಸಿಲು ಇಂಚಿಂಚಾಗಿ ಇಳಿಯುವುದನ್ನು ನೋಡಬಹುದು. ಸುರಂಗದಿಂದ ಮೊದಲ ಗುಂಪಿನ ಸದ್ದು ಕೇಳಿದಾಗ ಅವರು ಪೂರ್ತಿ ಒಳಬರುವವರೆಗೆ ಕಾಯಿರಿ, ಆಮೇಲೆ ನೀರಿಗಿಳಿಯಿರಿ. ಕತ್ತಲಿನ ತಿರುವು ದಾಟಿದ ಕೂಡಲೇ ಟಾರ್ಚ್ ಆರಿಸಿ. ಹೊರಗಿನ ಬೆಳಕು ಕಮಾನಿನ ಕೆಳಗಿಂದ, ನೀರನ್ನು ಹಾಯ್ದು ಒಳಗೆ ಬರುತ್ತದೆ. ಕೊನೆಯ ಇಪ್ಪತ್ತು ಮೀಟರ್ ನಿಮ್ಮ ಕೈಕಾಲೆಲ್ಲ ಹಸಿರು.